ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ಯುವವರು: ಅಂಗಡಿ ದೀಪದ ಒಂದು ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಚಿಕ್ಕಪೇಟೆಯ ಯಾವುದಾದರೂ ಸೀರೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತಿದ್ದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಸ್ವಲ್ಪ ಬಾಗಿಲ ಹತ್ರ ತನ್ನಿ ಅಣ್ಣ, ಬೆಳಕಲ್ಲಿ ಬಣ್ಣ ನೋಡ್ಬೇಕು." ಅಂಗಡಿ ಒಳಗೆ ಕಣ್ಣು ಕುಕ್ಕುವಷ್ಟು ದೀಪ ಉರೀತಿರುತ್ತೆ. ಆದರೂ ಸೀರೆಯ ಒಂದು ತುದಿ ಹಿಡಿದು ಅಮ್ಮ ಬಾಗಿಲ ಕಡೆ ನಡೀತಾರೆ, ಇನ್ನೊಂದು ತುದಿ ಹಿಡಿದು ಅಂಗಡಿ ಹುಡುಗ ಹಿಂದೆ ಹೋಗ್ತಾನೆ. ಯಾರೂ ಇದನ್ನು ಅವಮಾನ ಅಂತ ತಗೊಳ್ಳಲ್ಲ. ಒಳಗಿನ ಬೆಳಕು ಅಂಗಡಿಯವರದ್ದು, ಹೊರಗಿನ ಬೆಳಕು ಯಾರದ್ದೂ ಅಲ್ಲ ಅನ್ನೋದು ಇಬ್ಬರಿಗೂ ಗೊತ್ತು.

ಈಗ ದೊಡ್ಡ ಶೋರೂಮುಗಳಿಗೆ ಹೊಸ ಬಗೆಯ ದೀಪ ಬಂದಿದೆ. ಹೊತ್ತಿಗೆ ತಕ್ಕಂತೆ, ಹೊರಗಿನ ಬಿಸಿಲಿಗೆ ತಕ್ಕಂತೆ, ಕೆಳಗಿಟ್ಟ ಸರಕಿಗೆ ತಕ್ಕಂತೆ ತಾನಾಗಿ ಬದಲಾಗುವ ದೀಪ. ಇಂಗ್ಲಿಷಿನಲ್ಲಿ ಅಡಾಪ್ಟಿವ್ ಲೈಟಿಂಗ್ ಅಂತಾರೆ. ಕೆಲವು ಕಡೆ ಟ್ರಯಲ್ ರೂಮಿನ ಗೋಡೆ ಮೇಲೆ ಬಟನ್ ಇರುತ್ತೆ: ಹಗಲು, ಆಫೀಸು, ಸಂಜೆ ಪಾರ್ಟಿ. ಒತ್ತಿದರೆ ಅದೇ ಕುರ್ತಾ ಮೂರು ಬೆಳಕಿನಲ್ಲಿ ಹೇಗೆ ಕಾಣುತ್ತೆ ಅಂತ ನೋಡಬಹುದು. ಇದನ್ನು ಮಾರುವವರು ಇಪ್ಪತ್ತೊಂದನೇ ಶತಮಾನದ ಆವಿಷ್ಕಾರ ಅನ್ನೋ ಥರ ಮಾತಾಡ್ತಾರೆ. ದೀಪ ಹೊಸದು, ನಿಜ. ಯೋಚನೆ ಮಾತ್ರ ನೂರೈವತ್ತು ವರ್ಷಕ್ಕಿಂತ ಹಳೆಯದು. ಅದರ ಹಿಂದಿನ ಜಗಳ ಇನ್ನೂ ಹಳೆಯದು.

ಜಗಳದಿಂದಲೇ ಶುರು ಮಾಡೋಣ. ಇಂಗ್ಲೆಂಡಿನಲ್ಲಿ ಒಂದನೇ ರಿಚರ್ಡ್ ರಾಜನಾಗಿದ್ದಾಗ, ಅಂದರೆ 1190ರ ದಶಕದ ಕೊನೆಯಲ್ಲಿ, ಅಳತೆ-ತೂಕದ ಬಗ್ಗೆ ಒಂದು ರಾಜಾಜ್ಞೆ ಹೊರಟಿತು. ಧಾನ್ಯದ ಅಳತೆ ಎಲ್ಲ ಕಡೆ ಒಂದೇ ಇರಬೇಕು, ಉಣ್ಣೆ ಬಟ್ಟೆಯ ಅಗಲ ಇಷ್ಟೇ ಇರಬೇಕು, ಹೀಗೆ. ಅದರ ನಡುವೆ ಒಂದು ವಿಚಿತ್ರ ಷರತ್ತು ಇದೆ. ಬಟ್ಟೆ ವ್ಯಾಪಾರಿ ತನ್ನ ಅಂಗಡಿ ಮುಂದೆ ಕೆಂಪು ಅಥವಾ ಕಪ್ಪು ಬಟ್ಟೆಯನ್ನೋ, ಮರೆಯನ್ನೋ ಕಟ್ಟಬಾರದು. ಯಾಕೆ? ಒಳಗೆ ಬರುವ ಬೆಳಕು ಕೆಟ್ಟು, ಕೊಳ್ಳುವವರ ಕಣ್ಣು ಮೋಸ ಹೋಗುತ್ತೆ, ಒಳ್ಳೆ ಬಟ್ಟೆ ಯಾವುದು ಅಂತ ಗೊತ್ತಾಗಲ್ಲ. ಎಂಟುನೂರು ವರ್ಷದ ಹಿಂದೆಯೇ ಬೆಳಕನ್ನು ತಕ್ಕಡಿ ಮತ್ತು ಮೊಳಕೋಲಿನ ಸಾಲಿಗೆ ಸೇರಿಸಿದ್ದರು. ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಇಷ್ಟವಾದ ವಿಷಯ ಇದೇ. ಕಳ್ಳ ತೂಕದ ಬಟ್ಟು ಇಟ್ಟುಕೊಳ್ಳೋದೂ, ಕಳ್ಳ ಬೆಳಕು ಇಟ್ಟುಕೊಳ್ಳೋದೂ ಆ ಕಾನೂನಿನ ಕಣ್ಣಲ್ಲಿ ಒಂದೇ.

ಈಗ ಪ್ಯಾರಿಸ್‌ಗೆ ಬನ್ನಿ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಅಂತ ಒಬ್ಬ. ಇಂಗ್ಲೆಂಡಿನ ಲಿಂಕನ್‌ಶೈರಿನವನು, ಲಂಡನ್ನಿನ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡಿ, ಆಮೇಲೆ ಪ್ಯಾರಿಸ್ ಸೇರಿ, 1858ರಲ್ಲಿ ಬೋಬೆರ್ಗ್ ಅನ್ನೋ ಪಾಲುದಾರನ ಜೊತೆ ರ್ಯೂ ದ ಲಾ ಪೇ ಬೀದಿಯಲ್ಲಿ ಸ್ವಂತ ವ್ಯಾಪಾರ ಶುರು ಮಾಡಿದ. ಫ್ರಾನ್ಸಿನ ಚಕ್ರವರ್ತಿನಿ ಯೂಜೆನಿಯೇ ಅವನ ಗಿರಾಕಿ. ಇಂದು ನಾವು ಫ್ಯಾಷನ್ ಹೌಸ್ ಅಂತ ಕರೆಯೋದರ ಮೂಲಪುರುಷ ಅವನೇ ಅಂತ ಹೇಳಬಹುದು. ಅವನ ಮನೆಯಲ್ಲಿ ಒಂದು ಕೋಣೆ ಇತ್ತು. ಹೆಸರು ಸಲೋನ್ ದ ಲ್ಯೂಮಿಯೇರ್, ಬೆಳಕಿನ ಕೋಣೆ. ಹಗಲಲ್ಲೂ ಕಿಟಕಿ ಮುಚ್ಚಿ, ಗೋಡೆಯ ಕನ್ನಡಿಗಳ ನಡುವೆ ಗ್ಯಾಸ್ ದೀಪ ಹಚ್ಚಿರುತ್ತಿದ್ದರು. ರಾತ್ರಿಯ ನೃತ್ಯಕೂಟಕ್ಕೆ ಉಡುಪು ಆರಿಸುವವರನ್ನು ಈ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದರು.

ಇದು ಶೋಕಿ ಅಂದುಕೊಳ್ಳಬೇಡಿ. ಆಗಿನ ಗ್ಯಾಸ್ ದೀಪ ಅಂದರೆ ಬರೀ ಬತ್ತಲೆ ಜ್ವಾಲೆ. ಅದರಲ್ಲಿ ಹಳದಿ, ಕೆಂಪು ಧಾರಾಳ. ನೀಲಿ ಬಹಳ ಕಡಿಮೆ. ಬಟ್ಟೆಗೆ ತನ್ನದೇ ಅಂತ ಬಣ್ಣ ಇರಲ್ಲ, ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗಿ ಉಳಿದದ್ದನ್ನು ವಾಪಸ್ ಕಳಿಸುತ್ತೆ, ಅಷ್ಟೇ. ದೀಪದಲ್ಲಿ ನೀಲಿಯೇ ಇಲ್ಲದಿದ್ದರೆ ನೀಲಿ ಬಟ್ಟೆ ಏನನ್ನು ವಾಪಸ್ ಕಳಿಸಬೇಕು? ಕಪ್ಪಗೆ, ಮಂಕಾಗಿ ಕಾಣುತ್ತೆ. ನೇರಳೆ ಕಂದಾಗುತ್ತೆ. ತೆಳು ಹಳದಿ ಬಿಳಿಯಂತೆ ಕಾಣುತ್ತೆ. ಮಧ್ಯಾಹ್ನ ಕಿಟಕಿ ಪಕ್ಕ ನಿಂತು ದುಬಾರಿ ರೇಷ್ಮೆ ಆರಿಸಿದವಳು ರಾತ್ರಿ ಅರಮನೆಯಲ್ಲಿ ಬೇರೆಯದೇ ಬಣ್ಣದಲ್ಲಿ ನಿಂತಿರುತ್ತಿದ್ದಳು. ಅದೇ ಕಾಲಕ್ಕೆ, 1856ರಲ್ಲಿ, ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ಮೊದಲ ಕೃತಕ ನೇರಳೆ ಬಣ್ಣ ಮಾಡಿದ್ದ. ಬಣ್ಣದ ವ್ಯಾಪಾರಕ್ಕೆ ಹುಚ್ಚು ಹಿಡಿದಿತ್ತು. ಬಣ್ಣದ ಇತಿಹಾಸ ಬರೆದವರು ಹೇಳುವ ಒಂದು ಪ್ರಸಂಗ: 1860ರ ದಶಕದ ಆರಂಭದಲ್ಲಿ ಯೂಜೆನಿ ಹೊಸ ಕೃತಕ ಹಸಿರು ಬಣ್ಣದ ರೇಷ್ಮೆ ಉಟ್ಟು ಪ್ಯಾರಿಸ್ ಒಪೆರಾಗೆ ಹೋದಳು. ಗ್ಯಾಸ್ ಬೆಳಕಲ್ಲೂ ಹಸಿರು ಹಸಿರಾಗೇ ಉಳಿಯಿತು. ಅಷ್ಟೇ ಸುದ್ದಿ! ಅಷ್ಟಕ್ಕೇ ಆ ಬಣ್ಣಕ್ಕೆ ಬೇಡಿಕೆ ಬಂತು.

ಅಂದರೆ ಟ್ರಯಲ್ ರೂಮಿನ 'ಪಾರ್ಟಿ' ಬಟನ್‌ನ ಮುತ್ತಜ್ಜಿ ವರ್ತ್‌ನ ಕೋಣೆ. ಒಂದು ಮಾತು ಗಮನಿಸಿ. ಅಲ್ಲಿ ಬೆಳಕು ಬದಲಾದದ್ದು ಗಿರಾಕಿ ಎಲ್ಲಿ ಉಡುತ್ತಾಳೆ ಅನ್ನೋದಕ್ಕೆ ಹೊಂದಿಕೊಂಡು. ಬಟ್ಟೆ ಚೆನ್ನಾಗಿ ಕಾಣಲಿ ಅಂತಲ್ಲ, ನಾಳೆ ರಾತ್ರಿ ಹೇಗೆ ಕಾಣುತ್ತೋ ಹಾಗೇ ಕಾಣಲಿ ಅಂತ. ವರ್ತ್ ಸಂತನೇನಲ್ಲ, ಬೆಲೆ ಕೇಳಿದರೆ ಎದೆ ಒಡೆಯಬೇಕು. ಆದರೆ ವಾಪಸ್ ಬಂದ ಉಡುಪಿಗಿಂತ ಮುಚ್ಚಿದ ಕಿಟಕಿ ಅಗ್ಗ ಅನ್ನೋ ಲೆಕ್ಕ ಅವನಿಗೆ ಗೊತ್ತಿತ್ತು.

ಆಮೇಲೆ ವಿದ್ಯುತ್ ಬಂತು, ಮೊದಲು ಬಂದ ಜಾಗಗಳಲ್ಲಿ ಅಂಗಡಿಯೂ ಒಂದು. 1877ರಲ್ಲಿ ಪ್ಯಾರಿಸ್ಸಿನ ಲೂವ್ರ್ ಹೆಸರಿನ ದೊಡ್ಡ ಮಳಿಗೆಯಲ್ಲಿ ರಷ್ಯಾದ ಯಾಬ್ಲಚ್ಕೋವ್ ಮಾಡಿದ ಆರ್ಕ್ ದೀಪ ಉರಿಯಿತು. 1878ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ವಾನಮೇಕರ್ ಮಳಿಗೆಯಲ್ಲಿ. ಎಡಿಸನ್ನನ ಬಲ್ಬು ಇನ್ನೂ ಮಾರುಕಟ್ಟೆಗೆ ಬಂದೇ ಇರಲಿಲ್ಲ. ಆರ್ಕ್ ಬೆಳಕು ಚುಚ್ಚುವಂಥ ಬಿಳಿ, ಸ್ವಲ್ಪ ನೀಲಿ. ನಂತರದ ಬಲ್ಬು ಮತ್ತೆ ಹಳದಿ. ನಮ್ಮ ಬೆಂಗಳೂರಿನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ, ಮಾರುಕಟ್ಟೆ ಹತ್ತಿರ. ಆದರೂ ಸಂತೆಗಳಲ್ಲಿ ಎಷ್ಟೋ ದಶಕ ಪೆಟ್ರೋಮ್ಯಾಕ್ಸೇ ರಾಜ.

ಹೀಗೆ ಊರಿಗೊಂದು ಬೆಳಕು, ಅಂಗಡಿಗೊಂದು ಬೆಳಕು ಆದಾಗ ಹೆಚ್ಚು ಒದ್ದಾಡಿದ್ದು ಬಣ್ಣ ಹಾಕುವವರು. ಅವರ ಹಳೇ ನಿಯಮ: ಉತ್ತರದ ಕಿಟಕಿಯಲ್ಲಿ ಬಣ್ಣ ನೋಡು, ಅಲ್ಲಿ ನೇರ ಬಿಸಿಲು ಬೀಳಲ್ಲ. ಇದು ಯುರೋಪಿನ ನಿಯಮ. ನಮ್ಮ ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ; ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲೇ ಇರ್ತಾನೆ. ಹಾಗಾಗಿ ಆ ಪುಸ್ತಕದ ಸಲಹೆ ಇಲ್ಲಿ ವರ್ಷಪೂರ್ತಿ ನಡೆಯಲ್ಲ. ಇರಲಿ. ಇಂಗ್ಲೆಂಡಿನ ಹೊಗೆ ತುಂಬಿದ ಬಟ್ಟೆ ಊರುಗಳಲ್ಲಿ ಚಳಿಗಾಲದ ಮಧ್ಯಾಹ್ನ ಮೂರಕ್ಕೇ ಕತ್ತಲು. ಉತ್ತರದ ಕಿಟಕಿ ಇದ್ದು ಏನು ಪ್ರಯೋಜನ? 1900ರಲ್ಲಿ ಡಫ್ಟನ್ ಮತ್ತು ಗಾರ್ಡ್ನರ್ ಅನ್ನೋ ಇಬ್ಬರು ಆರ್ಕ್ ದೀಪಕ್ಕೆ ತಾಮ್ರದಿಂದ ನೀಲಿ ಬಂದ ಗಾಜು ಹಾಕಿ ಕೃತಕ ಹಗಲು ತಯಾರಿಸಿದರು. ಅಮೆರಿಕದ ಮೆಕ್‌ಫರ್ಲನ್ ಮೂರ್ ಉದ್ದದ ಗಾಜಿನ ಕೊಳವೆಯೊಳಗೆ ಅನಿಲ ತುಂಬಿ ಬೆಳಗಿಸಿದ. 1904ರಲ್ಲಿ ನ್ಯೂಜೆರ್ಸಿಯ ನೆವಾರ್ಕ್ ಊರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲ ಕೊಳವೆ ಕೂತಿತು. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದರೆ ಹಗಲಿನಂಥ ಬಿಳಿ ಬೆಳಕು ಬರುತ್ತಿತ್ತು. ರಿಪೇರಿ ಕಷ್ಟ, ಖರ್ಚು ಜಾಸ್ತಿ. ಆದರೂ ಬಣ್ಣ ಹೊಂದಿಸುವವರು ಅದನ್ನು ಬಿಡಲಿಲ್ಲ.

1938ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಫ್ಲೋರೊಸೆಂಟ್ ದೀಪವನ್ನು, ಅಂದರೆ ನಮ್ಮ ಟ್ಯೂಬ್‌ಲೈಟನ್ನು, ಮಾರಾಟಕ್ಕಿಟ್ಟಿತು. ಇಲ್ಲಿಂದ ಕತೆ ನಮ್ಮ ಮನೆ ಬಾಗಿಲಿಗೇ ಬರುತ್ತೆ. ಯಾಕಂದರೆ ಇಲ್ಲಿಂದ ಮ್ಯಾಚಿಂಗ್ ಸೆಂಟರ್ ಸಮಸ್ಯೆ ಶುರು.

ಮ್ಯಾಚಿಂಗ್ ಸೆಂಟರ್ ಗೊತ್ತಲ್ಲ? ನೆಲದಿಂದ ಸೂರಿನ ತನಕ ಬ್ಲೌಸ್ ಪೀಸಿನ ಥಾನು ಜೋಡಿಸಿರುವ ಅಂಗಡಿ. ಸೀರೆ ಸೆರಗು ಕೌಂಟರ್ ಮೇಲೆ ಹರಡಿದರೆ ಸಾಕು, ಅವರು ಹತ್ತು ಥಾನು ಎಳೆದು ಪಕ್ಕದಲ್ಲಿಟ್ಟು ತೋರಿಸ್ತಾರೆ. ಟ್ಯೂಬ್‌ಲೈಟ್ ಕೆಳಗೆ ಎಳೆ ಎಳೆಯೂ ಹೊಂದುತ್ತೆ. ಮದುವೆ ದಿನ ಛತ್ರದ ಹೊರಗೆ ಬಿಸಿಲಿಗೆ ನಿಂತರೆ ಬ್ಲೌಸ್ ಒಂದು ಕಡೆ, ಸೀರೆ ಒಂದು ಕಡೆ. ಅಂಗಡಿಯವರು ಮೋಸ ಮಾಡಲಿಲ್ಲ, ಕಣ್ಣೂ ಮೋಸ ಮಾಡಲಿಲ್ಲ. ಇದಕ್ಕೆ ಮೆಟಮೆರಿಸಂ ಅಂತಾರೆ. ಬಿಕಾಂ ಓದಿದವಳಾಗಿ ನನಗೆ ತಿಳಿಯೋ ಭಾಷೆಯಲ್ಲಿ ಹೇಳ್ತೀನಿ. ಎರಡು ಲೆಡ್ಜರ್ ಇವೆ, ಮೊತ್ತ ಎರಡರದ್ದೂ ಒಂದೇ. ಆದರೆ ಒಳಗಿನ ಎಂಟ್ರಿಗಳು ಬೇರೆ ಬೇರೆ. ಜಿಎಸ್‌ಟಿ ದರ ಬದಲಾಯಿಸಿ ನೋಡಿ, ಮೊತ್ತ ಬೇರೆಯಾಗುತ್ತೆ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶ ಮೂರೇ ಬಗೆ. ಅದು ಎಂಟ್ರಿ ನೋಡಲ್ಲ, ಮೂರು ಮೊತ್ತ ಮಾತ್ರ ನೋಡುತ್ತೆ. ರೇಷ್ಮೆ ಸೀರೆಗೆ ಹಾಕಿದ ಬಣ್ಣ ಒಂದು, ಕಾಟನ್ ಬ್ಲೌಸ್ ಪೀಸಿಗೆ ಹಾಕಿದ ಬಣ್ಣ ಇನ್ನೊಂದು. ಟ್ಯೂಬ್‌ಲೈಟಿನಲ್ಲಿ ಪಾದರಸದ ಕೆಲವು ಅಲೆಗಳು ಮಾತ್ರ ಜೋರಾಗಿರುತ್ತವೆ, ಬಿಸಿಲಿನಲ್ಲಿ ಎಲ್ಲ ಅಲೆಗಳೂ ಇರುತ್ತವೆ. ದರ ಬದಲಾಯಿತು, ಲೆಕ್ಕ ತಪ್ಪಿತು.

ಈ ಗೊಂದಲಕ್ಕೆ ಒಂದು ಅಳತೆ ಬೇಕಿತ್ತು. ಅಂತರರಾಷ್ಟ್ರೀಯ ದೀಪ ಆಯೋಗ, ಸಿಐಇ ಅಂತ, 1965ರಲ್ಲಿ ಸಿಆರ್‌ಐ ಅನ್ನೋ ಅಂಕವನ್ನು ತಂದಿತು, 1974ರಲ್ಲಿ ತಿದ್ದಿತು. ದೀಪದ ಡಬ್ಬಿ ಮೇಲೆ 80, 90 ಅಂತ ಬರೆದಿರುತ್ತಲ್ಲ, ಅದೇ. ನೂರಕ್ಕೆ ಹತ್ತಿರವಾದಷ್ಟೂ ಒಳ್ಳೇದು. ಆದರೆ ಆ ಅಂಕ ಬರೋದು ಎಂಟು ಮಾದರಿ ಬಣ್ಣಗಳ ಸರಾಸರಿಯಿಂದ, ಎಂಟೂ ಹೆಚ್ಚುಕಮ್ಮಿ ಪೇಲವ. ಒಂಬತ್ತನೆಯದು ಗಾಢ ಕೆಂಪು, ಆರ್‌9 ಅಂತ. ಅದನ್ನು ಪಟ್ಟಿಯಲ್ಲಿ ಇಟ್ಟರು, ಸರಾಸರಿಗೆ ಸೇರಿಸಲಿಲ್ಲ. ಇದರ ಪರಿಣಾಮ ಏನು ಗೊತ್ತಾ? ಇಂದಿನ ಸಾಧಾರಣ ಎಲ್‌ಇಡಿ ಅಂದರೆ ನೀಲಿ ಚಿಪ್ಪಿನ ಮೇಲೆ ಹಳದಿ ರಾಸಾಯನಿಕದ ಲೇಪ. ಶುಜಿ ನಾಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಮಾಡಿದ ಮೇಲೆ ಸಾಧ್ಯವಾದ ಉಪಾಯ. ನೀಲಿ ಇದೆ, ಹಳದಿ ಇದೆ, ಗಾಢ ಕೆಂಪು ಕಮ್ಮಿ. ಆದರೂ ಅದಕ್ಕೆ 80 ಅಂಕ ಬಂದುಬಿಡುತ್ತೆ. ಅದರ ಕೆಳಗೆ ಮದುವೆಯ ಕುಂಕುಮ ಕೆಂಪಿನ ಸೀರೆ ಇಟ್ಟು ನೋಡಿ, ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. ಕೆಂಪನ್ನೇ ಬಿಟ್ಟು ಕೊಟ್ಟ ಮಾರ್ಕ್ಸ್ ಕಾರ್ಡನ್ನು ನಮ್ಮ ಸೀರೆ ಅಂಗಡಿಗಳು ನಂಬಿಕೊಂಡಿದ್ದು ನನಗಂತೂ ತಮಾಷೆಯಾಗೂ, ಬೇಜಾರಾಗೂ ಕಾಣುತ್ತೆ. 2015ರಲ್ಲಿ ಅಮೆರಿಕದ ದೀಪ ಎಂಜಿನಿಯರುಗಳ ಸಂಘ 99 ಮಾದರಿಗಳ ಹೊಸ ವಿಧಾನ ತಂದಿತು. ಡಬ್ಬಿ ಮೇಲೆ ಮಾತ್ರ ಇನ್ನೂ ಹಳೇ ಅಂಕದ್ದೇ ಕಾರುಬಾರು.

ಸ್ವಲ್ಪ ಮ್ಯೂಸಿಯಂ ಕಡೆ ಹೋಗಿ ಬರೋಣ, ಯಾಕಂದರೆ ಅದೂ ಪ್ರದರ್ಶನದ ಜಾಗವೇ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ, ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, 1857ರಲ್ಲಿ ತೆರೆದಾಗ ಗ್ಯಾಸ್ ದೀಪ ಹಚ್ಚಿ ಸಂಜೆಯೂ ಬಾಗಿಲು ತೆಗೆದಿಡುತ್ತಿತ್ತು. ಹಗಲೆಲ್ಲ ದುಡಿಯುವವರೂ ಬಂದು ನೋಡಲಿ ಅಂತ. ಎಂಥ ಒಳ್ಳೆ ಕೆಲಸ! ಆದರೆ ಬೆಳಕು ಬಣ್ಣವನ್ನು ತಿನ್ನುತ್ತೆ. ಜಲವರ್ಣ ಚಿತ್ರಗಳು ಮಾಸುತ್ತವೆ ಅಂತ ದೊಡ್ಡ ವಾದವೇ ಎದ್ದು, ರಸಲ್ ಮತ್ತು ಆಬ್ನಿ ಪ್ರಯೋಗ ಮಾಡಿ 1888ರಲ್ಲಿ ವರದಿ ಕೊಟ್ಟರು. ಹಳೇ ಬಟ್ಟೆ, ಜಲವರ್ಣಕ್ಕೆ 50 ಲಕ್ಸ್ ಮೀರಬಾರದು ಅನ್ನೋ ಇಂದಿನ ರೂಢಿ ಆ ದಾರಿಯಲ್ಲೇ ಬಂದದ್ದು. ಯಾರಾದರೂ ಎದುರು ನಿಂತಾಗ ಮಾತ್ರ ಬೆಳಗಿ, ಹೋದಮೇಲೆ ಮಂಕಾಗುವ ಸೆನ್ಸರ್ ದೀಪಕ್ಕೆ ಅರ್ಥ ಇರೋದು ಅಲ್ಲಿ. ಹಾಳಾಗೋದು ಒಟ್ಟು ಎಷ್ಟು ಹೊತ್ತು ಎಷ್ಟು ಬೆಳಕು ಬಿತ್ತು ಅನ್ನೋದರ ಮೇಲೆ. ಯಾರೂ ನೋಡದ ಗಂಟೆಗಳನ್ನು ಉಳಿಸಿದರೆ ಆ ಬಟ್ಟೆಯ ಆಯುಷ್ಯ ಉಳೀತು.

ಮತ್ತೆ ಅಂಗಡಿಗೆ. ಬೆಳಕು ಬದಲಾಯಿಸಿದರೆ ವ್ಯಾಪಾರ ಹೆಚ್ಚುತ್ತಾ? ದೀಪ ಮಾರುವವರು ಹೌದು ಅಂತಾರೆ, ಅಂಕಿನೂ ತೋರಿಸ್ತಾರೆ. ಆ ಅಂಕಿ ಎಲ್ಲಿಂದ ಬಂತು ನೋಡೋಣ. 1993ರಲ್ಲಿ ವಾಲ್‌ಮಾರ್ಟ್ ಕ್ಯಾನ್ಸಸ್ ರಾಜ್ಯದ ಲಾರೆನ್ಸ್‌ನಲ್ಲಿ ಒಂದು ಮಳಿಗೆ ಕಟ್ಟಿತು. ಖರ್ಚು ಉಳಿಸಲು ಅರ್ಧ ಸೂರಿಗೆ ಮಾತ್ರ ಬೆಳಕಿಂಡಿ ಹಾಕಿಸಿ, ಹೊರಗಿನ ಬೆಳಕು ಇದ್ದಷ್ಟು ಒಳಗಿನ ದೀಪ ಮಂಕಾಗುವ ಏರ್ಪಾಡು ಮಾಡಿದರು. ಬೆಳಕಿಂಡಿಯ ಕೆಳಗಿನ ವಿಭಾಗಗಳಲ್ಲಿ ಮಾರಾಟ ಹೆಚ್ಚು ಅಂತ ಸುದ್ದಿಯಾಯಿತು. 1999ರಲ್ಲಿ ಕ್ಯಾಲಿಫೋರ್ನಿಯಾದ ಹೆಶಾಂಗ್ ಮಹೋನ್ ಸಂಸ್ಥೆ ಒಂದೇ ಕಂಪನಿಯ 108 ಮಳಿಗೆಗಳನ್ನು ಹೋಲಿಸಿ, ಬೆಳಕಿಂಡಿ ಇದ್ದಲ್ಲಿ ಮಾರಾಟ ಸುಮಾರು 40 ಶೇಕಡಾ ಜಾಸ್ತಿ ಇರುತ್ತೆ ಅಂದಿತು. ನಲವತ್ತು! ಮ್ಯಾನೇಜ್‌ಮೆಂಟ್ ಓದುವವರ ಸ್ಲೈಡುಗಳಲ್ಲಿ ಆ ಅಂಕಿ ಕುಣಿದಾಡಿತು. ಅದೇ ಸಂಸ್ಥೆ 2003ರಲ್ಲಿ ಬೇರೊಂದು ಕಂಪನಿಯ 73 ಮಳಿಗೆಗಳನ್ನು ಇನ್ನೂ ಬಿಗಿಯಾಗಿ ಅಳೆದಾಗ ಸರಾಸರಿ ಪರಿಣಾಮ 0ಯಿಂದ 6 ಶೇಕಡಾ. ಸೊನ್ನೆಯಿಂದ ಆರು. ತಮ್ಮ ದೊಡ್ಡ ಅಂಕಿಯನ್ನು ತಾವೇ ಮತ್ತೆ ಪರೀಕ್ಷೆಗೆ ಒಡ್ಡಿದ್ದಕ್ಕೆ ನನಗೆ ಅವರ ಮೇಲೆ ಗೌರವ. ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡವರ ಮೇಲೆ ಇಲ್ಲ.

ಉಳಿತಾಯ ಮಾತ್ರ ನಿಜ. ಮಧ್ಯಾಹ್ನ ಬಿಸಿಲಿರುವಾಗ ದೀಪ ತಗ್ಗಿಸಿದರೆ ಕರೆಂಟ್ ಬಿಲ್ ತಗ್ಗುತ್ತೆ, ಅದಕ್ಕೆ ಸಂಶೋಧನೆ ಬೇಡ. ಇವತ್ತಿನ ವ್ಯವಸ್ಥೆಗಳ ಮೈಕಟ್ಟು ಸರಳ: ಹಳದಿ ಬಿಳಿ, ನೀಲಿ ಬಿಳಿ ಎರಡೂ ಚಿಪ್ ಒಂದೇ ದೀಪದಲ್ಲಿ, ಎರಡರ ಪ್ರಮಾಣ ಬದಲಾಯಿಸಲು ಒಂದು ನಿಯಂತ್ರಕ, ಜೊತೆಗೆ ಸೆನ್ಸರ್. ದೀಪಗಳು ಪರಸ್ಪರ ಮಾತಾಡುವ ಭಾಷೆಗೆ ಡಾಲಿ ಅಂತ ಹೆಸರು, ಒಂದು ಜೋಡಿ ತಂತಿಯಲ್ಲಿ 64 ದೀಪ. (ಡಾಲಿ ಅಂದಕೂಡಲೇ ಧನಂಜಯ್ ನೆನಪಾದರೆ ಅದು ನಿಮ್ಮ ತಪ್ಪಲ್ಲ.)

ಈಗ ಪ್ರಶ್ನೆ, ಈ ನಿಯಂತ್ರಕ ಯಾರ ಪರ? ಚಿನ್ನದ ಅಂಗಡಿಯಲ್ಲಿ ಚಿನ್ನದ ಮೇಲೆ ಹಳದಿ ಬೆಳಕು, ವಜ್ರದ ಮೇಲೆ ನೀಲಿ ಬಿಳಿ. ಮೀನಿಗೆ ತಣ್ಣನೆ ಬಿಳಿ, ಬ್ರೆಡ್ಡಿಗೆ ಬೆಚ್ಚನೆ ಹಳದಿ, ಮಾಂಸಕ್ಕೆ ನಸುಗೆಂಪು. ಹೊತ್ತು ಕಳೆದ ಹಾಗೆ ಮಾಂಸ ಕಂದು ಬಣ್ಣಕ್ಕೆ ತಿರುಗುತ್ತೆ. ಗುಲಾಬಿ ದೀಪದಡಿ ಅದು ಗೊತ್ತಾಗಲ್ಲ. ಮನೆಗೆ ತಂದು ಪೊಟ್ಟಣ ಬಿಚ್ಚಿದಾಗ ಗೊತ್ತಾಗುತ್ತೆ. ಚೀನಾದಲ್ಲಿ ಈ ದೀಪಗಳ ಬಗ್ಗೆ ಜನರ ದೂರು ಎಷ್ಟು ಬೆಳೀತು ಅಂದರೆ, 2023ರ ಡಿಸೆಂಬರ್ 1ರಿಂದ ಹೊಸ ನಿಯಮ ಬಂತು. ತರಕಾರಿ, ಹಣ್ಣು, ಮಾಂಸದ ನಿಜ ಬಣ್ಣವನ್ನು ಎದ್ದುಕಾಣುವಂತೆ ಬದಲಾಯಿಸಿ ಗಿರಾಕಿಯ ದಾರಿ ತಪ್ಪಿಸುವ ದೀಪ ಹಾಕುವಂತಿಲ್ಲ. ರಿಚರ್ಡ್ ರಾಜನ ಕಾಲದ ಕೆಂಪು ಪರದೆಯೇ ಎಲ್‌ಇಡಿಯಾಗಿ ಬಂದಿತ್ತು, ಅಷ್ಟೇ.

ಇನ್ನೂ ಒಬ್ಬರಿದ್ದಾರೆ, ಅವರ ಬಗ್ಗೆ ಯಾವ ಕ್ಯಾಟಲಾಗೂ ಮಾತಾಡಲ್ಲ. ಗಿರಾಕಿ ಆ ಬೆಳಕಲ್ಲಿ ಮುಕ್ಕಾಲು ಗಂಟೆ ಇರ್ತಾರೆ. ಕೌಂಟರ್ ಹಿಂದೆ ನಿಂತ ಹುಡುಗಿ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರ ತನಕ. ನಮ್ಮ ಕಣ್ಣಿನಲ್ಲಿ ನೋಡುವುದಕ್ಕಲ್ಲದೆ ಹಗಲು-ರಾತ್ರಿಯನ್ನು ಮೈಗೆ ತಿಳಿಸುವುದಕ್ಕೇ ಬೇರೆ ಕೋಶಗಳಿವೆ, ಅವು ನೀಲಿ ಬೆಳಕಿಗೆ ಸ್ಪಂದಿಸುತ್ತವೆ ಅಂತ 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ತೋರಿಸಿದರು. ರಾತ್ರಿ ಎಂಟೂವರೆಗೆ ವಜ್ರದ ಕೌಂಟರಿನ ನೀಲಿ ಬಿಳಿ ಬೆಳಕಲ್ಲಿ ನಿಂತವಳಿಗೆ ಮೈ ಇನ್ನೂ ಮಧ್ಯಾಹ್ನ ಅಂತಾನೇ ಹೇಳ್ತಿರುತ್ತೆ. ಹೊತ್ತಿಗೆ ತಕ್ಕಂತೆ ಬದಲಾಗುವ ದೀಪ ನಿಜವಾಗಿ ಉಪಕಾರ ಮಾಡಬಹುದಾದದ್ದು ಅವಳಿಗೆ. ಅದೇ ವಜ್ರದ ಮೇಲಿನ ದೀಪಕ್ಕೆ ಹೊತ್ತಿನ ಲೆಕ್ಕ ಹಾಕಿದವರು ಕಮ್ಮಿ.

ಕೊನೆಗೆ ಬೆಂಗಳೂರಿನ ಗಾರ್ಮೆಂಟ್ಸ್ ಲೋಕದ ಒಂದು ಪೆಟ್ಟಿಗೆ. ರಫ್ತು ಮಾಡುವ ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಬೂದು ಬಣ್ಣದ ಲೈಟ್ ಬಾಕ್ಸ್ ಇರುತ್ತೆ. ಬಟ್ಟೆ ತುಂಡನ್ನು ಅದರೊಳಗಿಟ್ಟು ಒಂದೊಂದೇ ಸ್ವಿಚ್ ಒತ್ತುತ್ತಾ ಹೋಗ್ತಾರೆ. ಡಿ65 ಅಂದರೆ ಮಾದರಿ ಹಗಲು. ಎ ಅಂದರೆ ಹಳೇ ತಂತಿ ಬಲ್ಬು. ಟಿಎಲ್84 ಅಂದರೆ ಯುರೋಪಿನ ಅಂಗಡಿಗಳಲ್ಲಿ ಉರಿಯುತ್ತಿದ್ದ ಒಂದು ಬಗೆಯ ಟ್ಯೂಬ್‌ಲೈಟ್. ಎಲ್ಲದರಲ್ಲೂ ಶೇಡ್ ಹೊಂದಿದರೆ ಮಾತ್ರ ಸರಕು ಹಡಗು ಹತ್ತುತ್ತೆ, ಇಲ್ಲದಿದ್ದರೆ ಮತ್ತೆ ಬಣ್ಣದ ತೊಟ್ಟಿಗೆ. ವರ್ತ್‌ನ ಬೆಳಕಿನ ಕೋಣೆಯೇ ಪೆಟ್ಟಿಗೆಯಷ್ಟು ಚಿಕ್ಕದಾಗಿ ಇಲ್ಲಿ ಬಂದು ಕೂತಿದೆ, ಆದರೆ ಅದರೊಳಗೆ ಇಣುಕುವುದು ಉಡುವವರಲ್ಲ. ಯುರೋಪಿನ ಅಂಗಡಿಗಳು ಟ್ಯೂಬ್ ಕಿತ್ತು ಎಲ್‌ಇಡಿ ಹಾಕಿದ ಮೇಲೆ 2018ರಲ್ಲಿ ಸಿಐಇ ಎಲ್‌ಇಡಿಗೂ ಮಾದರಿ ಬೆಳಕುಗಳನ್ನು ಗೊತ್ತುಮಾಡಿತು. ಪೆಟ್ಟಿಗೆಗಳಿಗೂ ಹೊಸ ಸ್ವಿಚ್ ಬಂತು. ಆದರೆ ಅದು ಒಂದೇ ಕಡೆ ನಿಲ್ಲುವ ಬೆಳಕಿಗೆ. ಗಂಟೆಗೊಂದು ಬಣ್ಣ ತಿರುಗುವ ದೀಪದ ಅಂಗಡಿಗೆ ಕಳಿಸುವ ಶರ್ಟಿನ ಶೇಡನ್ನು ಯಾವ ಸ್ವಿಚ್ ಕೆಳಗಿಟ್ಟು ಪಾಸ್ ಮಾಡಬೇಕು? ಅದನ್ನು ಈಗಿನ್ನೂ ಕೊಳ್ಳುವ ಕಂಪನಿ ಮತ್ತು ಕಾರ್ಖಾನೆ ಆರ್ಡರಿಗೆ ಆರ್ಡರಿಗೆ ಚೌಕಾಸಿ ಮಾಡಿಕೊಳ್ಳಬೇಕು.